ನಿನ್ನೆಯವರು ಕಂಡ ನಾಳೆಗಳು

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ನನ್ನ ಅಕ್ಕನ ಮೊಮ್ಮಗಳು ಬೆಂಗಳೂರಿನಲ್ಲಿ ಡಿಸೈನ್ ಕಲಿಯುತ್ತಿದ್ದಾಳೆ. ಊರಿಗೆ ಬಂದವಳು ತನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಚಿತ್ರಗಳನ್ನು ಸಾಲಾಗಿ ಜೋಡಿಸಿ, "ಅಜ್ಜ, ನೀವು ಇತಿಹಾಸದ ಮೇಷ್ಟ್ರು. ಇವುಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲಿನದು, ಹೇಳಿ ನೋಡೋಣ" ಎಂದು ಸವಾಲು ಹಾಕಿದಳು.

ಮೊದಲನೆಯದು, ಮೂತಿ ಹಿಂದಕ್ಕೆ ಬಾಗಿ ಬೆಳ್ಳಿಯಂತೆ ಹೊಳೆಯುತ್ತಿದ್ದ ಒಂದು ರೈಲು. ಎರಡನೆಯದು, ಮೈತುಂಬ ಹಿತ್ತಾಳೆಯ ಹಲ್ಲುಚಕ್ರಗಳನ್ನು ಹೊತ್ತು ಹೊಗೆಯುಗುಳುತ್ತ ನಗರದ ಮೇಲೆ ತೇಲುತ್ತಿದ್ದ ವಾಯುನೌಕೆ. ಮೂರನೆಯದು, ಬಾಗಿದ ನಾಲ್ಕು ಕಾಲುಗಳು ಒಂದು ಹಾರುವ ತಟ್ಟೆಯನ್ನು ಎತ್ತಿ ಹಿಡಿದಂತಿದ್ದ ಕಟ್ಟಡ. ನಾಲ್ಕನೆಯದು, ಗುಲಾಬಿ ಮತ್ತು ನೇರಳೆ ಬಣ್ಣದ ಆಕಾಶದಲ್ಲಿ ಅಡ್ಡಪಟ್ಟಿಗಳಾಗಿ ಸೀಳಿದ ಸೂರ್ಯ. ಅದರ ಕೆಳಗೆ ಗ್ರಾಫ್ ಹಾಳೆಯಂತೆ ಚೌಕ ಚೌಕವಾಗಿ ಹರಡಿಕೊಂಡ ನೆಲ.

ನಾನು ಕನ್ನಡಕವನ್ನು ಒರೆಸಿಕೊಂಡು ತೀರ್ಪು ಕೊಟ್ಟೆ. ವಾಯುನೌಕೆ ಎಲ್ಲಕ್ಕಿಂತ ಹಳೆಯದು, ವಿಕ್ಟೋರಿಯಾ ರಾಣಿಯ ಕಾಲದ್ದು. ರೈಲು ಎರಡನೆಯ ಮಹಾಯುದ್ಧದ ಅನಂತರದ್ದು. ಸೂರ್ಯನ ಚಿತ್ರ 1980ರ ದಶಕದ್ದು. ತಟ್ಟೆಯ ಕಟ್ಟಡ ತೀರ ಇತ್ತೀಚಿನದು. ನಾಲ್ಕೂ ತಪ್ಪು! ರೈಲು 1934ರದು. ಕಟ್ಟಡ 1961ರದು. ವಾಯುನೌಕೆ ಮತ್ತು ಸೂರ್ಯನ ಚಿತ್ರಗಳೆರಡೂ ಕಳೆದ ಹತ್ತು ಹನ್ನೆರಡು ವರ್ಷಗಳೊಳಗೆ ಕಂಪ್ಯೂಟರಿನಲ್ಲಿ ರಚಿತವಾದವು.

"ಅಜ್ಜ, ಚಿತ್ರದ ಒಳಗೆ ಯಾವ ಕಾಲ ಇದೆ ಅಂತ ನೋಡಿದಿರಿ. ಚಿತ್ರ ಬರೆದವರು ಯಾವ ಕಾಲದಲ್ಲಿ ಕೂತು ಬರೆದರು ಅಂತ ನೋಡಲೇ ಇಲ್ಲ" ಎಂದು ಹುಡುಗಿ ನಕ್ಕಳು.

ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಮೂವತ್ನಾಲ್ಕು ವರ್ಷ ನಾನು ತರಗತಿಯಲ್ಲಿ ಹೇಳಿಕೊಂಡು ಬಂದದ್ದು ಅದನ್ನೇ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಗಂಗರ ತಾಮ್ರಪಟಗಳ ಪಾಠ ಬಂದಾಗಲೆಲ್ಲ ನಾನು ಫ್ಲೀಟ್ ಮತ್ತು ರೈಸ್ ಅವರ ವಾದವನ್ನು ವಿವರಿಸುತ್ತಿದ್ದೆ. ತಾಮ್ರಪಟದಲ್ಲಿ ಬಹು ಪ್ರಾಚೀನವಾದ ಕಾಲವನ್ನು ಹೇಳಿರಬಹುದು. ಆದರೆ ಅದರ ಲಿಪಿ ಶತಮಾನಗಳಷ್ಟು ಈಚಿನದಾಗಿದ್ದರೆ ಅದನ್ನು ಹೇಗೆ ನಂಬುವುದು ಎಂಬುದು ಫ್ಲೀಟ್ ಅವರ ಪ್ರಶ್ನೆ. ಗಂಗರ ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು ಅವರು ವಾದಿಸಿದರು. ರೈಸ್ ಅವರು ಅದನ್ನು ಒಪ್ಪಲಿಲ್ಲ. ಯಾರದು ಸರಿ ಎಂಬುದಕ್ಕಿಂತ, 'ಶಾಸನ ಹೇಳುವ ಕಾಲ ಬೇರೆ, ಶಾಸನವನ್ನು ಕೊರೆದ ಕಾಲ ಬೇರೆ' ಎಂಬ ಎಚ್ಚರವೇ ಆ ಪಾಠದ ತಿರುಳಾಗಿತ್ತು. ಆ ಎಚ್ಚರ ನನಗೇ ತಪ್ಪಿತ್ತು. ಯಂತ್ರವೇ ನಿಮಿಷಕ್ಕೊಂದು 'ಹಳೆಯ' ಚಿತ್ರವನ್ನು ಬರೆದುಕೊಡುವ ಈ ದಿನಗಳಲ್ಲಿ ಈ ತಪ್ಪು ನನ್ನೊಬ್ಬನಿಗೆ ಮಾತ್ರ ಆಗುವಂಥದ್ದಲ್ಲ ಎಂದು ತೋರಿ, ಆ ಹುಡುಗಿಯ ನೆರವಿನಿಂದ ಕೆಲವು ತಿಂಗಳು ಈ ವಿಷಯವನ್ನು ಅಭ್ಯಾಸ ಮಾಡಿದೆ. ಕಲಿತದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಳೆಯ ಕಾಲದವರು ಕಲ್ಪಿಸಿದ ಭವಿಷ್ಯದ ಚಿತ್ರಗಳು ನಮಗೆ ಒಂದೇ ಜಾತಿಯವಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಲು ಎರಡು ಪ್ರಶ್ನೆಗಳು ಸಾಕು. ಒಂದು: ಈ ಚಿತ್ರವನ್ನೋ ಕಟ್ಟಡವನ್ನೋ ಮಾಡಿದವರು ಯಾವ ಯಂತ್ರವನ್ನು ನೋಡಿ ಬೆರಗಾಗಿದ್ದರು? ಎರಡು: ಅವರ ಮುಖ ಯಾವ ಕಡೆಗಿತ್ತು, ಮುಂದಕ್ಕೋ ಹಿಂದಕ್ಕೋ?

ಎರಡನೆಯ ಪ್ರಶ್ನೆ ಮೊದಲು ಕೇಳಿದಾಗ ವಿಚಿತ್ರವೆನಿಸುತ್ತದೆ. ಅದಕ್ಕೊಂದು ಉದಾಹರಣೆ ಕೊಡುತ್ತೇನೆ. 1983ರಲ್ಲಿ, ಬಿ.ಎಡ್. ಸೇರುವುದಕ್ಕೆ ಮೊದಲು, ನಾನು ಮಾಟುಂಗದಲ್ಲಿದ್ದ ಬಂಧುಗಳ ಮನೆಗೆ ಹೋಗಿ ಎರಡು ವಾರ ಇದ್ದೆ. ಆಗ ಎಲ್ಲರ ಬಾಯಲ್ಲೂ ಅದು ಬೊಂಬಾಯಿ. ಒಂದು ಸಂಜೆ ಓವಲ್ ಮೈದಾನದ ನಡುವೆ ನಿಂತು ಎರಡೂ ಕಡೆ ನೋಡಿದೆ. ಪೂರ್ವಕ್ಕೆ ರಾಜಾಬಾಯಿ ಗೋಪುರ, ವಿಶ್ವವಿದ್ಯಾಲಯ, ಹೈಕೋರ್ಟು; ಚೂಪು ಕಮಾನುಗಳ, ಕಲ್ಲಿನ ಕೆತ್ತನೆಯ ಭವ್ಯ ಕಟ್ಟಡಗಳು. ಪಶ್ಚಿಮಕ್ಕೆ ದುಂಡಗಿನ ಬಾಲ್ಕನಿಗಳ, ತಿಳಿಬಣ್ಣದ ವಾಸದ ಮನೆಗಳ ಸಾಲು. ಈ ಎರಡು ಸಾಲುಗಳ ನಡುವೆ ನಾಲ್ಕೈದು ನೂರು ವರ್ಷಗಳ ಅಂತರವಿರಬೇಕೆಂದು ಆಗ ನಾನು ಭಾವಿಸಿದ್ದೆ. ನಿಜವಾದ ಅಂತರ ಸುಮಾರು ಅರುವತ್ತು ವರ್ಷ! ರಾಜಾಬಾಯಿ ಗೋಪುರ ಮುಗಿದದ್ದು 1878ರಲ್ಲಿ. ಎದುರಿನ ಸಾಲು ಎದ್ದದ್ದು 1930ರ ದಶಕದಲ್ಲಿ. ಗೋಪುರದ ವಿನ್ಯಾಸಕಾರರಾದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಕುಳಿತು ಮಧ್ಯಯುಗದ ಯೂರೋಪಿನ ಕಡೆಗೆ ಮುಖಮಾಡಿದ್ದರು. ಎದುರು ಸಾಲಿನವರು ಮುಖಮಾಡಿದ್ದು ಇನ್ನೂ ಬಾರದ ದಿನಗಳ ಕಡೆಗೆ. 2018ರಲ್ಲಿ ಯುನೆಸ್ಕೊ ಸಂಸ್ಥೆ ಈ ಎರಡೂ ಸಾಲುಗಳನ್ನು ಜೊತೆಯಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದಿನ ಕಾಲದ ವೇಷವನ್ನು ತೊಡುವ 'ರೆಟ್ರೊ' ಗೀಳು ಇಂದಿನ ಹುಡುಗರದೇ ಅಲ್ಲವೆಂಬುದಕ್ಕೆ ಆ ಮೈದಾನವೇ ಸಾಕ್ಷಿ.

ಪಶ್ಚಿಮದ ಸಾಲಿನ ಶೈಲಿಗೆ ಆರ್ಟ್ ಡೆಕೊ ಎಂದು ಹೆಸರು. 1925ರಲ್ಲಿ ಪ್ಯಾರಿಸ್ಸಿನಲ್ಲಿ ಆಧುನಿಕ ಅಲಂಕಾರಿಕ ಮತ್ತು ಕೈಗಾರಿಕಾ ಕಲೆಗಳ ದೊಡ್ಡ ವಸ್ತುಪ್ರದರ್ಶನವೊಂದು ನಡೆಯಿತು. ಹೆಸರು ಅಲ್ಲಿಂದ ಬಂದದ್ದು. ಅದಕ್ಕೆ ಮೊದಲಿನ ತಲೆಮಾರಿನ ಆರ್ಟ್ ನೂವೊ ಶೈಲಿಯಲ್ಲಿ ಎಲ್ಲವೂ ಬಳ್ಳಿಯಂತೆ ಬಳುಕುತ್ತಿತ್ತು. 1900ರಲ್ಲಿ ಎಕ್ಟರ್ ಗಿಮಾರ್ ಪ್ಯಾರಿಸ್ಸಿನ ಮೆಟ್ರೊ ನಿಲ್ದಾಣಗಳಿಗೆ ಮಾಡಿದ ಕಬ್ಬಿಣದ ದ್ವಾರಗಳನ್ನು ಕಂಡರೆ, ನೆಲದಿಂದ ಏನೋ ಮೊಳೆತು ಹೂಬಿಟ್ಟಂತಿದೆ. ಡೆಕೊ ಹಾಗಲ್ಲ. ಅದು ಶಾಲೆಯ ಕಂಪಾಸ್ ಪೆಟ್ಟಿಗೆಯಿಂದ ಹುಟ್ಟಿದ ಶೈಲಿ: ಕೈವಾರ, ಅಡಿಕೋಲು, ತ್ರಿಕೋನ. ಅಂಕುಡೊಂಕಿನ ಮಿಂಚುಗೆರೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಗೋಡೆ, ಸೂರ್ಯೋದಯದ ಕಿರಣಗಳು ಅದರ ಗುರುತುಗಳು. 1922ರಲ್ಲಿ ಹೋವರ್ಡ್ ಕಾರ್ಟರ್ ಟುಟಂಖಾಮನ್ನನ ಸಮಾಧಿಯನ್ನು ತೆರೆದ ಮೇಲೆ ಈಜಿಪ್ಟಿನ ಕಮಲ, ಗರಿಗಳೂ ಬಂದು ಸೇರಿಕೊಂಡವು. 1930ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವ್ಯಾನ್ ಅಲೆನ್ ವಿನ್ಯಾಸದಲ್ಲಿ ಮುಗಿದ 1,046 ಅಡಿ ಎತ್ತರದ ಕ್ರೈಸ್ಲರ್ ಕಟ್ಟಡ ಇದರ ಶಿಖರ. ಅದರ ನೆತ್ತಿಯ ಮೇಲೆ ಉಕ್ಕಿನ ಸೂರ್ಯಕಿರಣಗಳು. ಮೂಲೆಗಳಲ್ಲಿ ಮೋಟಾರು ಕಾರಿನ ರೇಡಿಯೇಟರ್ ಮುಚ್ಚಳದ ಆಕಾರದ ಅಲಂಕಾರಗಳು. ಡೆಕೊ ಬೆರಗಾದದ್ದು ಗಗನಚುಂಬಿಯನ್ನೂ ಮೋಟಾರನ್ನೂ ನೋಡಿ. ಅದರ ದಿಕ್ಕು ಮೇಲ್ಮುಖ, ಅದರ ಮನಸ್ಸು ಸಿರಿವಂತನದು.

ಈ ಶೈಲಿಯೊಂದಿಗೆ ಹೆಚ್ಚಾಗಿ ಗೊಂದಲವಾಗುವುದು ಅದರ ತಮ್ಮನಾದ ಸ್ಟ್ರೀಮ್‌ಲೈನ್ ಶೈಲಿ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಹೊಸ ಗೋಪುರಗಳನ್ನು ಕಟ್ಟಿಸುವ ಹಣ ಯಾರ ಬಳಿಯೂ ಉಳಿಯಲಿಲ್ಲ. ಸರಕು ಮಾರಾಟವಾಗಬೇಕಾದರೆ ಅದಕ್ಕೊಂದು ಹೊಸ ರೂಪ ಬೇಕೆಂದು ಕಾರ್ಖಾನೆಗಳು ರೇಮಂಡ್ ಲೋವಿ, ನಾರ್ಮನ್ ಬೆಲ್ ಗೆಡ್ಡಿಸ್, ಹೆನ್ರಿ ಡ್ರೈಫಸ್ ಮುಂತಾದ ವಿನ್ಯಾಸಕಾರರ ಮೊರೆಹೊಕ್ಕವು. ಇವರ ಬೆರಗಿನ ಯಂತ್ರ ವಿಮಾನ. ಇವರ ಗುರು ಗಾಳಿ. ಗಾಳಿಯನ್ನು ಸೀಳಿಕೊಂಡು ಹೋಗುವ ವಸ್ತುವಿನ ಮೂಲೆಗಳು ದುಂಡಗಿರಬೇಕು, ಮೈ ನಯವಾಗಿರಬೇಕು. ಆದ್ದರಿಂದ ಡೆಕೊ ನಿಂತುಕೊಂಡಿದ್ದರೆ ಸ್ಟ್ರೀಮ್‌ಲೈನ್ ಮಲಗಿತು. ಉದ್ದುದ್ದ ಅಡ್ಡಗೆರೆಗಳು, ಹಡಗಿನಲ್ಲಿರುವಂಥ ದುಂಡು ಕಿಟಕಿಗಳು, ಬಾಗಿದ ಗಾಜು. ಅಲಂಕಾರ ಕಡಿಮೆ, ಓಟ ಹೆಚ್ಚು. ತಮಾಷೆಯೆಂದರೆ ಲೋವಿ 1933ರಲ್ಲಿ ಪೆನ್ಸಿಲ್ ಚೂಪುಮಾಡುವ ಯಂತ್ರವೊಂದಕ್ಕೂ ವಿಮಾನದ ಮೂತಿಯಂಥ ರೂಪವನ್ನು ಕೊಟ್ಟ. ಮೇಜಿಗೆ ಬಿಗಿದ ಯಂತ್ರಕ್ಕೆ ಗಾಳಿಯ ಭಯವೇನು? ಅದು ಮಾರಾಟಕ್ಕೆ ಬರಲೇ ಇಲ್ಲ. ಆದರೆ ಬಿದ್ದಲ್ಲೇ ಬಿದ್ದಿದ್ದ ದೇಶವೊಂದು ಚಲನೆಗಾಗಿ ಎಷ್ಟು ಹಂಬಲಿಸುತ್ತಿತ್ತು ಎಂಬುದನ್ನು ಅದು ಹೇಳುತ್ತದೆ.

ಹುಡುಗಿ ತೋರಿಸಿದ ರೈಲು ಈ ಶೈಲಿಯದು. ಅದರ ಹೆಸರು ಬರ್ಲಿಂಗ್ಟನ್ ಝೆಫರ್. 1934ರ ಮೇ 26ರಂದು ಅದು ಡೆನ್ವರ್ ನಗರದಿಂದ ಷಿಕಾಗೊ ನಗರಕ್ಕೆ 1,015 ಮೈಲಿಗಳನ್ನು ಎಲ್ಲಿಯೂ ನಿಲ್ಲದೆ 13 ಗಂಟೆ 5 ನಿಮಿಷಗಳಲ್ಲಿ ಓಡಿತು. ತುಕ್ಕುಹಿಡಿಯದ ಉಕ್ಕಿನ ಮೈ, ಡೀಸೆಲ್ ಎಂಜಿನ್. ಆ ದಿನ ರೈಲಿನಲ್ಲಿ ಗಣ್ಯರ, ಪತ್ರಕರ್ತರ ಜೊತೆಗೆ ಇನ್ನೊಬ್ಬ ಪ್ರಯಾಣಿಕನಿದ್ದ: ಝೆಫ್ ಎಂಬ ಹೆಸರಿನ ಒಂದು ಪುಟ್ಟ ಕತ್ತೆ! ಜಗತ್ತಿನ ಅತ್ಯಾಧುನಿಕ ರೈಲಿನೊಳಗೆ ಒಂದು ಕತ್ತೆ. ಇದನ್ನು ಓದಿದಾಗ ನಾನು ಒಬ್ಬನೇ ನಕ್ಕೆ. ಆದರೆ ಈ ಕತ್ತೆಯನ್ನು ಮರೆಯಬೇಡಿ; ಮುಂದೆ ಅದರಿಂದ ನಮಗೆ ಕೆಲಸವಿದೆ.

ಸ್ಟ್ರೀಮ್‌ಲೈನ್ ಕನಸಿನ ಅತಿದೊಡ್ಡ ಜಾತ್ರೆ ನಡೆದದ್ದು 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ. 'ನಾಳಿನ ಜಗತ್ತು' ಎಂಬುದು ಅದರ ವಿಷಯ. ಮೇಳದ ನಡುವೆ ಆರುನೂರು ಅಡಿಗಳನ್ನು ಮೀರಿದ ಟ್ರೈಲಾನ್ ಎಂಬ ಸೂಜಿಗೋಪುರ. ಪಕ್ಕದಲ್ಲಿ 180 ಅಡಿ ವ್ಯಾಸದ ಪೆರಿಸ್ಫಿಯರ್ ಎಂಬ ಬಿಳಿಯ ಗೋಳ. ಜನರಲ್ ಮೋಟರ್ಸ್ ಮಂಟಪದಲ್ಲಿ ಬೆಲ್ ಗೆಡ್ಡಿಸ್ 1960ನೇ ಇಸವಿಯ ಅಮೆರಿಕದ ಬೃಹತ್ ಮಾದರಿಯನ್ನು ನಿರ್ಮಿಸಿದ್ದ. ಚಲಿಸುವ ಕುರ್ಚಿಗಳಲ್ಲಿ ಕುಳಿತ ಜನ, ಅಗಲವಾದ ಹೆದ್ದಾರಿಗಳನ್ನೂ ಗಾಜಿನ ನಗರಗಳನ್ನೂ ವಿಮಾನದಿಂದ ಕಂಡಂತೆ ಕಂಡು, ಭವಿಷ್ಯವನ್ನು ನೋಡಿ ಬಂದೆವೆಂಬ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಹೊರಬರುತ್ತಿದ್ದರು. ಮೇಳ ತೆರೆದದ್ದು ಏಪ್ರಿಲ್ 30ರಂದು. ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪೋಲೆಂಡನ್ನು ಹೊಕ್ಕಿತು. ಪೋಲೆಂಡಿನ ಮಂಟಪವೂ ಅದೇ ಮೇಳದಲ್ಲಿತ್ತು! 1940ರಲ್ಲಿ ಮೇಳ ಮುಗಿದ ಮೇಲೆ ಗೋಪುರವನ್ನೂ ಗೋಳವನ್ನೂ ಕೆಡವಿ, ಆ ಉಕ್ಕನ್ನು ಯುದ್ಧಸಾಮಗ್ರಿಗಾಗಿ ಕೊಟ್ಟರು. ನಾಳಿನ ಜಗತ್ತಿನಿಂದ ನಾಳೆ ತಯಾರಾದದ್ದು ಆಯುಧ.

ಇಲ್ಲಿ ಒಂದು ಶಬ್ದದ ತೊಡಕನ್ನು ಬಿಡಿಸಿ ಮುಂದೆ ಹೋಗುತ್ತೇನೆ. 'ಫ್ಯೂಚರಿಸಂ' ಎಂದು ಇತಿಹಾಸದ ಪುಸ್ತಕಗಳಲ್ಲಿ ಕರೆಯುವುದು ಇವಾವುದನ್ನೂ ಅಲ್ಲ. ಅದು 1909ರ ಫೆಬ್ರವರಿಯಲ್ಲಿ ಮರಿನೆಟ್ಟಿ ಎಂಬ ಇಟಲಿಯ ಕವಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಪ್ರಣಾಳಿಕೆ ಪ್ರಕಟಿಸಿ ಆರಂಭಿಸಿದ ಚಳವಳಿ. ವೇಗ, ಯಂತ್ರ ಮತ್ತು ಯುದ್ಧಗಳನ್ನು ಅದು ಆರಾಧಿಸಿತು. ಆ ಗುಂಪಿನ ಅಂತೋನಿಯೊ ಸಾಂತೆಲಿಯ 1914ರಲ್ಲಿ ಮೆಟ್ಟಿಲು ಮೆಟ್ಟಿಲಾದ ಗೋಪುರಗಳ, ಹೊರಮೈಯಲ್ಲಿ ಲಿಫ್ಟುಗಳಿದ್ದ ಹೊಸ ನಗರವೊಂದನ್ನು ಚಿತ್ರಿಸಿದ. ಒಂದೂ ಕಟ್ಟಲ್ಪಡಲಿಲ್ಲ, 1916ರಲ್ಲಿ ಅವನು ಅದೇ ಯುದ್ಧದಲ್ಲಿ ಮಡಿದ. ಆದ್ದರಿಂದ 'ಫ್ಯೂಚರಿಸ್ಟಿಕ್' ಎಂದು ಕಂಡದ್ದನ್ನೆಲ್ಲ ಕರೆಯುವಾಗ ಸ್ವಲ್ಪ ತಾಳ್ಮೆಯಿರಲಿ.

ಯುದ್ಧ ಮುಗಿದ ಮೇಲೆ ಬೆರಗಿನ ಯಂತ್ರ ಬದಲಾಯಿತು. ಈಗ ಅಣು ಮತ್ತು ರಾಕೆಟ್. 1949ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಜಾನ್ ಲಾಟ್ನರ್ ಎಂಬ ವಾಸ್ತುಶಿಲ್ಪಿ ಗೂಗೀಸ್ ಎಂಬ ಕಾಫಿ ಹೋಟೆಲನ್ನು ವಿನ್ಯಾಸ ಮಾಡಿದ. 1952ರಲ್ಲಿ ಡಗ್ಲಾಸ್ ಹ್ಯಾಸ್ಕೆಲ್ ಎಂಬ ವಿಮರ್ಶಕ ಈ ಬಗೆಯ ಕಟ್ಟಡಗಳನ್ನು ಗೇಲಿ ಮಾಡುತ್ತ 'ಗೂಗಿ' ಎಂಬ ಹೆಸರಿಟ್ಟ. ಗೇಲಿಯ ಹೆಸರೇ ಉಳಿಯಿತು. ಕಾರಿನಲ್ಲಿ ವೇಗವಾಗಿ ಹೋಗುವವನ ಕಣ್ಣನ್ನು ಸೆಳೆಯಬೇಕಾದ ಕಟ್ಟಡಗಳಿವು. ರೆಕ್ಕೆಯಂತೆ ಮೇಲಕ್ಕೆ ಚಿಮ್ಮುವ ಮಾಡು, ಸಿಡಿಯುವ ನಕ್ಷತ್ರದಂಥ ಫಲಕಗಳು, ನಿಯಾನ್ ದೀಪಗಳು. ನಾನು ಇತ್ತೀಚಿನದೆಂದು ಮೋಸಹೋದ ತಟ್ಟೆಯ ಕಟ್ಟಡ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿದೆ. ಅದು ಈ ಬಳಗದ್ದೇ. 1958ರಲ್ಲಿ ಬ್ರಸೆಲ್ಸ್ ಮೇಳದಲ್ಲಿ ನಿಂತ ಅಟೋಮಿಯಂ ಇದೇ ಬೆರಗಿನ ಇನ್ನೊಂದು ರೂಪ: ಕಬ್ಬಿಣದ ಹರಳಿನ ಒಂದು ಕಣಜೋಡಣೆಯನ್ನು 16,500 ಕೋಟಿ ಪಟ್ಟು ಹಿಗ್ಗಿಸಿ, 102 ಮೀಟರ್ ಎತ್ತರದಲ್ಲಿ ಒಂಬತ್ತು ಗೋಳಗಳಾಗಿ ನಿಲ್ಲಿಸಿದ್ದಾರೆ. ಹಿರೋಶಿಮಾ ಸುಟ್ಟು ಆಗಿನ್ನೂ ಹದಿಮೂರು ವರ್ಷ. ಭಯಪಟ್ಟ ವಸ್ತುವನ್ನೇ ಜಾತ್ರೆಯ ತೇರು ಮಾಡಿಕೊಂಡು ಎಳೆದ ಕಾಲವದು.

1960ರ ದಶಕದ ನಡುವಿನ ಬಾಹ್ಯಾಕಾಶ ಶೈಲಿಯನ್ನು ಇದರೊಂದಿಗೆ ಬೆರೆಸಬಾರದು. ಗೂಗಿ ಬೀದಿಬದಿಯಲ್ಲಿ ನಿಂತು ಆಕಾಶವನ್ನು ನೋಡುತ್ತದೆ. ಬಾಹ್ಯಾಕಾಶ ಶೈಲಿ ನೌಕೆಯ ಒಳಗೇ ಕುಳಿತಿದೆ. ಗೂಗಿಯಲ್ಲಿ ಚೂಪು ಕೋನ, ಕಾಂಕ್ರೀಟು, ಕಲ್ಲು, ನಿಯಾನ್. ಇಲ್ಲಿ ಸಂದಿಯೇ ಕಾಣದ ದುಂಡನೆಯ ಪ್ಲಾಸ್ಟಿಕ್, ಬಿಳಿ ಗೋಡೆ, ಕಿತ್ತಳೆ ಬಣ್ಣದ ಆಸನ. ಫಿನ್ಲೆಂಡಿನ ಈರೊ ಆರ್ನಿಯೊ 1963ರಲ್ಲಿ ರಚಿಸಿದ ಚೆಂಡಿನಾಕಾರದ ಕುರ್ಚಿ, 1964ರಲ್ಲಿ ಪ್ಯಾರಿಸ್ಸಿನ ಆಂದ್ರೆ ಕುರೇಜ್ ಹೊಲಿಸಿದ ಬಿಳಿಯ ಉಡುಪುಗಳು, 1968ರಲ್ಲಿ ಮತ್ತಿ ಸುರೊನೆನ್ ರೂಪಿಸಿದ ಹಾರುವ ತಟ್ಟೆಯಂಥ ಫುಟುರೊ ಮನೆ ಇದಕ್ಕೆ ನಿದರ್ಶನಗಳು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ಚಂದ್ರನಿಂದ ಮರಳಿದರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಪ್ಲಾಸ್ಟಿಕ್ಕಿನ ಬೆಲೆ ಏರಿತು. ಕಡಲೆಪುರಿಯಂತೆ ಮಾರಾಟವಾಗುವುದೆಂದು ಎಣಿಸಿದ್ದ ಫುಟುರೊ ಮನೆಗಳು ನೂರನ್ನೂ ಮುಟ್ಟಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮುಂದಕ್ಕೆ ಮುಖಮಾಡಿದವರ ಕಥೆ. ಅವರು ಕಂಡದ್ದು ಸುಳ್ಳಾಗಿರಬಹುದು. ಆದರೆ ಅವರು ಅದನ್ನು ನಂಬಿದ್ದರು. ಇನ್ನು ಹಿಂದಕ್ಕೆ ತಿರುಗಿ ನೋಡುವವರು. ಹಳೆಯ ಭವಿಷ್ಯಗಳನ್ನು ಮತ್ತೆ ಚಿತ್ರಿಸುವ ಈ ಪ್ರವೃತ್ತಿಗೆ 'ರೆಟ್ರೊಫ್ಯೂಚರಿಸಂ' ಎಂಬ ಹೆಸರಿದೆ. 1981ರಲ್ಲಿಯೇ ವಿಲಿಯಂ ಗಿಬ್ಸನ್ ಒಂದು ಸಣ್ಣಕಥೆ ಬರೆದಿದ್ದಾರೆ: ಛಾಯಾಗ್ರಾಹಕನೊಬ್ಬ 1930ರ ದಶಕದ ಸ್ಟ್ರೀಮ್‌ಲೈನ್ ಕಟ್ಟಡಗಳ ಚಿತ್ರ ತೆಗೆಯಲು ಹೋಗುತ್ತಾನೆ, ಕ್ರಮೇಣ ಆಗಲೇ ಇಲ್ಲದ ಆ ಭವಿಷ್ಯ ಅವನ ಕಣ್ಣಿಗೆ ನಿಜವಾಗಿ ಕಾಣತೊಡಗುತ್ತದೆ. ಅದು ಅವನಿಗೆ ಸಂತೋಷವನ್ನಲ್ಲ, ಹೆದರಿಕೆಯನ್ನು ಕೊಡುತ್ತದೆ.

ಹಿತ್ತಾಳೆ ಚಕ್ರಗಳ ವಾಯುನೌಕೆಯ ಶೈಲಿಗೆ ಸ್ಟೀಮ್‌ಪಂಕ್ ಎಂದು ಹೆಸರು. ಈ ಪದವನ್ನು ಕೆ. ಡಬ್ಲ್ಯು. ಜೀಟರ್ ಎಂಬ ಲೇಖಕ 1987ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಬಳಸಿದರು. ವಿಕ್ಟೋರಿಯಾ ರಾಣಿಯ ಕಾಲದ ಆವಿಯಂತ್ರವೇ ಮುಂದುವರಿದು ಎಲ್ಲವನ್ನೂ ನಡೆಸಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಕಲ್ಪನೆ ಅದು. ಇದರ ಅಭಿಮಾನಿಗಳು ಜೂಲ್ಸ್ ವರ್ನ್‌ನನ್ನು ಕುಲಗುರುವೆಂದು ಪೂಜಿಸುತ್ತಾರೆ. ಆದರೆ 1870ರ ಹೊತ್ತಿಗೆ ವರ್ನ್ ತನ್ನ ಕಾದಂಬರಿಯಲ್ಲಿ ಓಡಿಸಿದ ನಾಟಿಲಸ್ ಜಲಾಂತರ್ಗಾಮಿ ನಡೆಯುವುದು ಆವಿಯಿಂದಲ್ಲ, ವಿದ್ಯುತ್ತಿನಿಂದ! ಆವಿ ಅವನಿಗೆ ಆಗಲೇ ಹಳೆಯದಾಗಿತ್ತು. ಅವನ ಬೆರಗು ವಿದ್ಯುತ್ತು. ಮುಂದಕ್ಕೆ ನೋಡಿದವನಿಗೂ, ಅವನನ್ನು ಹಿಂದಿರುಗಿ ನೋಡುವವರಿಗೂ ಇರುವ ವ್ಯತ್ಯಾಸ ಇದೇ. ಇನ್ನೂ ಒಂದು ಗುರುತು: ನಿಜವಾದ ಯಂತ್ರದಲ್ಲಿ ಒಂದು ಚಕ್ರದ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಂಡಿರುತ್ತದೆ. ಆ ವಾಯುನೌಕೆಯ ಚಿತ್ರವನ್ನು ಮತ್ತೆ ನೋಡಿದೆ. ಒಂದು ಚಕ್ರವೂ ಮತ್ತೊಂದನ್ನು ಮುಟ್ಟಿರಲಿಲ್ಲ.

ಸೀಳಿದ ಸೂರ್ಯನ ಚಿತ್ರ ಸಿಂತ್‌ವೇವ್ ಶೈಲಿಯದು. ಅದರ ಬೆರಗಿನ ಯಂತ್ರ ಕಂಪ್ಯೂಟರು, ಅದೂ 1980ರ ದಶಕದ್ದು. ಅಂದಿನ ಕಂಪ್ಯೂಟರುಗಳಿಗೆ ನೆಲವನ್ನು ತೋರಿಸಲು ಗೆರೆಗಳ ಜಾಲವೇ ಸುಲಭದ ದಾರಿಯಾಗಿತ್ತು. 1982ರ ಟ್ರಾನ್ ಚಲನಚಿತ್ರದಲ್ಲಿ ಅದನ್ನು ನೋಡಬಹುದು. ಅಂದಿನವರಿಗೆ ಅದು ಸಾಮರ್ಥ್ಯದ ಮಿತಿ. ಇಂದಿನವರಿಗೆ ಅದೇ ಶೃಂಗಾರ. ಇದರ ಪಕ್ಕದಲ್ಲೇ ವೇಪರ್‌ವೇವ್ ಎಂಬ ಇನ್ನೊಂದಿದೆ. 2010ರ ದಶಕದ ಆರಂಭದಲ್ಲಿ ಸಂಗೀತದೊಂದಿಗೆ ಬೆಳೆದದ್ದು. ಬಣ್ಣಗಳು ಎರಡರಲ್ಲೂ ಗುಲಾಬಿ, ನೇರಳೆ, ತಿಳಿನೀಲಿ. ಬೇರ್ಪಡಿಸುವ ಬಗೆ ಹೀಗೆ: ಸಿಂತ್‌ವೇವ್ ಚಿತ್ರದಲ್ಲಿ ರಾತ್ರಿಯ ರಸ್ತೆಯಲ್ಲಿ ಕಾರು ಓಡುತ್ತದೆ, ಸಿನಿಮಾ ನಾಯಕನ ಹುರುಪಿರುತ್ತದೆ. ವೇಪರ್‌ವೇವ್ ಚಿತ್ರದಲ್ಲಿ ಯಾರೂ ಇಲ್ಲದ ಅಂಗಡಿಮಳಿಗೆ, ಗ್ರೀಕ್ ಅಮೃತಶಿಲೆಯ ತಲೆ, 1990ರ ದಶಕದ ಕಂಪ್ಯೂಟರ್ ಪರದೆಗಳು; ಅದರಲ್ಲೊಂದು ವ್ಯಂಗ್ಯ, ಕೊಂಡ ಸರಕೆಲ್ಲ ಕೈಬಿಟ್ಟುಹೋದ ಖಿನ್ನತೆ.

ನನ್ನ ಕಿರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಪರದೆಗಳಲ್ಲಿ ಹಸಿರು ಗುಡ್ಡ, ನೀಲಿ ಆಕಾಶ, ಆಮೇಲಾಮೇಲೆ ಗಾಜಿನಂತೆ ಹೊಳೆಯುವ ಗುಂಡಿಗಳು, ನೀರಹನಿಗಳು ಇದ್ದವಲ್ಲ? ಆ ಗಾಜು, ನೀರು, ಹಸಿರಿನ ಹೊಳಪಿಗೆ 2017ರಲ್ಲಿ 'ಫ್ರುಟಿಗರ್ ಏರೊ' ಎಂದು ಹೆಸರಿಟ್ಟಿದ್ದಾರೆ. 2012-13ರ ಹೊತ್ತಿಗೆ ಮೊಬೈಲು, ಕಂಪ್ಯೂಟರುಗಳೆಲ್ಲ ಚಪ್ಪಟೆ ಚಿತ್ರಗಳಿಗೆ ತಿರುಗಿದ ಮೇಲೆ, ಶೈಲಿ ಸತ್ತ ಅನಂತರ ನಾಮಕರಣ! ಡೆಕೊ ಎಂಬ ಹೆಸರೂ ಜನಬಳಕೆಗೆ ಬಂದದ್ದು 1960ರ ದಶಕದಲ್ಲಿಯೇ. ಮುಂದಕ್ಕೆ ನೋಡುವವರು ಹೆಸರಿಡುವುದಿಲ್ಲ. ಅವರಿಗೆ ಅದು ಬರಿಯ 'ಹೊಸದು'. ಹೆಸರಿಡುವವರು ಹಿಂದಿರುಗಿ ನೋಡುವವರು.

ಹಾಗಾದರೆ ಮುಂದಕ್ಕೆ ನೋಡಿದ ಚಿತ್ರಕ್ಕೂ ಹಿಂದಕ್ಕೆ ನೋಡಿದ ಚಿತ್ರಕ್ಕೂ ಒಂದೇ ಮಾತಿನಲ್ಲಿ ಭೇದವೇನು? ಇಲ್ಲಿಗೆ ನಮ್ಮ ಕತ್ತೆ ಬರುತ್ತದೆ. ನಿಜವಾಗಿ ಆ ಕಾಲದಲ್ಲಿ ಬಾಳಿದವರ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಹಳೆಯ ಬದುಕು ಉಳಿದಿರುತ್ತದೆ. ಬೆಳ್ಳಿಯ ರೈಲಿನಲ್ಲಿ ಕತ್ತೆ, ಮುಂಬಯಿಯ ಡೆಕೊ ಬಾಲ್ಕನಿಯಲ್ಲಿ ಒಣಹಾಕಿದ ಸೀರೆ. ಅನಂತರದವರು ಕಲ್ಪಿಸಿದ 1934ರಲ್ಲಿ ಎಲ್ಲವೂ 1934ರದೇ. ರೈಲೂ, ಟೋಪಿಯೂ, ದೀಪವೂ ಒಂದೇ ಅಚ್ಚಿನವು. ಯಾವ ಕಾಲವೂ ಅಷ್ಟು ಅಚ್ಚುಕಟ್ಟಾಗಿ ತನ್ನ ಕಾಲದ್ದಾಗಿರುವುದಿಲ್ಲ.

ಈ ಲೇಖನಕ್ಕಾಗಿ ಹಳೆಯ ಟ್ರಂಕನ್ನು ತಡಕುವಾಗ ಒಂದು ಕಟ್ಟು ಸಿಕ್ಕಿತು. 1988ರಲ್ಲಿ, ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಎಂಟನೆಯ ತರಗತಿಗೆ ಚಿತ್ರಸ್ಪರ್ಧೆಯೊಂದನ್ನು ಇಟ್ಟಿದ್ದೆ: '2000ನೇ ಇಸವಿಯಲ್ಲಿ ನಮ್ಮೂರು'. ದಿನಕ್ಕೆ ಎರಡು ಬಸ್ಸು ಬರುತ್ತಿದ್ದ ಬಯಲುಸೀಮೆಯ ಊರದು. ಬಂದ ಚಿತ್ರಗಳಲ್ಲಿ ಹೆಚ್ಚಿನವು ಹಾರುವ ಕಾರು, ಗಾಜಿನ ಗುಮ್ಮಟ, ಕಂಬದ ಮೇಲೆ ಕುಳಿತ ತಟ್ಟೆಯಂಥ ಮನೆ. ಮೊದಲನೆಯ ಬಹುಮಾನ ಅಂಥ ಒಂದು ತಟ್ಟೆಮನೆಗೇ ಹೋಯಿತು. ಅಂದು ನನಗೆ ಅದು ಮಗುವಿನ ಕಲ್ಪನೆಯೆನಿಸಿತ್ತು. ಲಾಸ್ ಏಂಜಲೀಸಿನ ಹೋಟೆಲಿನವರು ಕಾರಿನವರನ್ನು ಕರೆಯಲು ಕಟ್ಟಿದ್ದ ರೂಪ ಅದು. ಯಾವ ಯಾವ ಪತ್ರಿಕೆಗಳನ್ನು ದಾಟಿ ನಮ್ಮೂರಿನ ಹುಡುಗರ ಡ್ರಾಯಿಂಗ್ ಹಾಳೆಗೆ ಬಂದಿತ್ತೋ! ಆ ಚಿತ್ರವನ್ನು ತಾಲ್ಲೂಕಿನ ಪ್ರದರ್ಶನಕ್ಕೆ ಕಳಿಸಿದೆ. ಅದು ಮರಳಿ ಬರಲಿಲ್ಲ. ನನ್ನ ಬಳಿ ಉಳಿದದ್ದು ಬಹುಮಾನ ಸಿಗದವು.

ಅವುಗಳಲ್ಲಿ ಒಂದು ಚಿತ್ರದ ಅಂಚನ್ನು ಗೆದ್ದಲು ತಿಂದಿದೆ. ಅದರಲ್ಲಿ ಅದೇ ಹಳೆಯ ಹೆಂಚಿನ ಮನೆ. ಮನೆಯ ಮುಂದೆ ಒಂದು ನಲ್ಲಿ. ಕೊಡ ತುಂಬಿ ಹರಿಯುತ್ತಿದೆ. ಹರಿದ ನೀರನ್ನು ಎಮ್ಮೆ ಕುಡಿಯುತ್ತಿದೆ. ಜಗಲಿಯ ಮೇಲೆ ತಾಯಿ ಕುಳಿತು ಮಗಳಿಗೆ ತಲೆ ಬಾಚುತ್ತಿದ್ದಾಳೆ. ಆ ಊರಿನ ಹೆಂಗಸರು ಆಗ ಮುಂಜಾನೆ ಮುಕ್ಕಾಲು ಮೈಲಿ ನಡೆದು ಬಾವಿಯ ನೀರು ತರುತ್ತಿದ್ದರು. ಹಗಲಿನಲ್ಲಿ ಜಗಲಿಯ ಮೇಲೆ ಕುಳಿತ ತಾಯಿಯನ್ನು ಅಲ್ಲಿ ಕಾಣ ಸಿಗುತ್ತಿರಲಿಲ್ಲ. ಚಿತ್ರದ ಮೂಲೆಯಲ್ಲಿ ನನ್ನ ಕೆಂಪು ಶಾಯಿಯ ಬರಹವಿದೆ: 'ಕಲ್ಪನಾಶಕ್ತಿ ಸಾಲದು. 10ಕ್ಕೆ 3.'

ಕೊಟ್ಟ ಎಲ್ಲ ಚಿತ್ರಗಳಲ್ಲಿ ತನ್ನದೇ ನಾಳೆಯನ್ನು ಕಂಡಿದ್ದವನು ಅವನೊಬ್ಬ. ಉಳಿದವರು ಬೇರೆಯವರ ನಿನ್ನೆಯ ನಾಳೆಯನ್ನು ನಕಲು ಮಾಡಿದ್ದರು. ನಾನು ನಕಲಿಗೆ ಬಹುಮಾನ ಕೊಟ್ಟಿದ್ದೆ. 2000ನೇ ಇಸವಿ ಬಂದಾಗಲೂ ಆ ಊರಿನ ಮನೆಗಳಿಗೆ ನಲ್ಲಿ ಬಂದಿರಲಿಲ್ಲ. ಬಂದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಹಾರುವ ಕಾರು ಈಗಲೂ ಬಂದಿಲ್ಲ.

ಅಕ್ಕನ ಮೊಮ್ಮಗಳಿಗೆ ಆ ಚಿತ್ರವನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಇದು ಯಾವ ಶೈಲಿ ಅಂತ ಹೇಳೋದು ಅಜ್ಜ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಹುಡುಗನಿಗೆ ಈಗ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನಿಗೆ ತಿಳಿಯುತ್ತದೆ. ಇದನ್ನು ಅವನು ಓದಿದರೆ, ಅಥವಾ ಓದಿದ ನೀವು ಯಾರಾದರೂ ಅವನನ್ನು ಬಲ್ಲಿರಾದರೆ, ಒಮ್ಮೆ ಮನೆಗೆ ಬಂದು ಹೋಗಲು ಹೇಳಿ. ಚಿತ್ರವನ್ನು ಜೋಪಾನವಾಗಿ ಇಟ್ಟಿದ್ದೇನೆ. ಕೆಂಪು ಶಾಯಿಯ ಬರಹವನ್ನು ಅಳಿಸಿಲ್ಲ. ಅದೂ ಒಂದು ದಾಖಲೆಯೇ. ಅದರ ಕೆಳಗೆ ಇಂದಿನ ತಾರೀಖು ಹಾಕಿ, ಮೇಷ್ಟ್ರಿಂದ ತಪ್ಪಾಯಿತು ಎಂದು ಬರೆದಿದ್ದೇನೆ.